ಮನೆಯ ಹಳೇ ಕಂಪ್ಯೂಟರಿಗೆ ಯಾವ ಲಿನಕ್ಸ್? ದಾವಣಗೆರೆಯ ಮನೆಮಂದಿಗೆ ಹಂತಹಂತದ ಮಾರ್ಗದರ್ಶಿ

ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಒಂದು ವರ್ಷದ ವಿಸ್ತರಣೆ ಇದೆ, ಅದೂ 2026ರ ಅಕ್ಟೋಬರ್ 13ಕ್ಕೆ ಮುಗಿಯುತ್ತದೆ. ವಿಂಡೋಸ್ 11 ಹಾಕಿಸೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಯಂತ್ರದೊಳಗೆ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ನಿಟ್ಟುವಳ್ಳಿ, ವಿನೋಬನಗರ, ಎಂಸಿಸಿ ಬಿ ಬ್ಲಾಕ್ ಕಡೆಯ ಮನೆಗಳಲ್ಲಿ ಮಕ್ಕಳ ಓದಿಗೆಂದು ಹಿಂದೆ ಕೊಂಡ ಎಷ್ಟೋ ಕಂಪ್ಯೂಟರುಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಡಿಗ್ರಿ ಓದುವಾಗ ಸರ್ಕಾರ ಕೊಟ್ಟ ಲ್ಯಾಪ್‌ಟಾಪುಗಳಲ್ಲೂ ಬಹಳಷ್ಟು ಹಾಗೆಯೇ.

ಅಂಗಡಿಗೆ ಒಯ್ದರೆ ಎರಡು ಸಲಹೆ ಸಿಗುತ್ತವೆ. ಹೊಸ ಸಿಸ್ಟಮ್ ತಗೊಳ್ಳಿ, ಇಲ್ಲವೇ ಹೇಗಾದರೂ ಮಾಡಿ 11 ಹಾಕಿಕೊಡುತ್ತೇವೆ. ಮೂರನೆಯ ದಾರಿಯೊಂದಿದೆ, ಅದಕ್ಕೆ ದುಡ್ಡು ಬೇಡ: ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆಯಲು ಶುರುಮಾಡಿದ ತಿರುಳು (ಕರ್ನಲ್) ಅದು, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳಭಾಗ. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೆ ಓಡುತ್ತಿರುವುದೂ ಅದೇ. ಆ ತಿರುಳಿನ ಸುತ್ತ ಕಟ್ಟಿದ ನೂರಾರು ಆವೃತ್ತಿಗಳಿವೆ, ಅವನ್ನು ಡಿಸ್ಟ್ರೋ ಎನ್ನುತ್ತಾರೆ. ಹೊಸಬರು ಕಂಗಾಲಾಗುವುದು ಈ ನೂರಾರರ ಮುಂದೆಯೇ.

ನನ್ನ ಸಲಹೆ ಇಷ್ಟೆ. ಹೆಸರು ನೋಡಿ, ಚಿತ್ರ ನೋಡಿ ಆರಿಸಬೇಡಿ. ನಿಮ್ಮ ಮನೆಯ ಕೆಲಸ, ನಿಮ್ಮ ಪ್ರಿಂಟರ್, ನಿಮ್ಮ ಕನ್ನಡ ಟೈಪಿಂಗ್, ಈ ಮೂರೂ ಯಾವುದರಲ್ಲಿ ನಡೆಯುತ್ತವೋ ಅದನ್ನು ಆರಿಸಿ. ನಡೆಯುತ್ತದೆಯೋ ಇಲ್ಲವೋ ಎಂಬುದನ್ನು ಡಿಸ್ಕಿನ ಒಂದಕ್ಷರವನ್ನೂ ಅಳಿಸದೆ ಪೆನ್‌ಡ್ರೈವಿನಿಂದಲೇ ನೋಡಬಹುದು.

ಹಂತ 1: ಮನೆಯವರೆಲ್ಲರ ಕೆಲಸದ ಪಟ್ಟಿ

ಒಂದು ವಾರ ಕಂಪ್ಯೂಟರಿನ ಪಕ್ಕ ಒಂದು ಹಾಳೆ ಇಡಿ. ಯಾರು ಯಾವ ಕೆಲಸಕ್ಕೆ ಕೂತರೂ ಒಂದು ಸಾಲು ಬರೆಯಲಿ. ನೀವೇ ಕೂತು ನೆನಪಿನಿಂದ ಬರೆದರೆ ಅಪ್ಪನ ಕೆಲಸ ಬಿಟ್ಟುಹೋಗುತ್ತದೆ, ತಂಗಿಯ ಕೆಲಸ ಬಿಟ್ಟುಹೋಗುತ್ತದೆ.

ವಾರದ ಕೊನೆಗೆ ಪಟ್ಟಿ ನೋಡಿದರೆ ಮುಕ್ಕಾಲು ಪಾಲು ಬ್ರೌಸರಿನಲ್ಲಿ ನಡೆಯುವ ಕೆಲಸವೇ ಇರುತ್ತದೆ. ಭೂಮಿ ತಾಣದಲ್ಲಿ ಪಹಣಿ ನೋಡುವುದು, ಸೇವಾ ಸಿಂಧು ಅರ್ಜಿ, ವಿದ್ಯಾರ್ಥಿವೇತನ, ಸಿಇಟಿ ಸಮಯದಲ್ಲಿ ಕೆಇಎ ಪುಟ, ನೆಟ್ ಬ್ಯಾಂಕಿಂಗ್, ಯೂಟ್ಯೂಬ್, ವಾಟ್ಸ್‌ಆಪ್ ವೆಬ್. ಇವೆಲ್ಲಕ್ಕೂ ಫೈರ್‌ಫಾಕ್ಸ್ ಅಥವಾ ಕ್ರೋಮ್ ಸಾಕು, ಎರಡೂ ಲಿನಕ್ಸಿನಲ್ಲಿವೆ. ಜೂಮ್ ಕೂಡ ಇದೆ. ಒಟಿಟಿಗಳು ಬ್ರೌಸರಿನಲ್ಲಿ ಓಡುತ್ತವೆ, ಕೆಲವು ತಮ್ಮ ಅತಿ ಹೆಚ್ಚಿನ ಸ್ಪಷ್ಟತೆಯನ್ನು ಕೊಡುವುದಿಲ್ಲ, ಅಷ್ಟೇ.

ತಡೆಯಬೇಕಾದ್ದು ಉಳಿದ ಕಾಲು ಪಾಲಿನ ಮುಂದೆ. ಮಂಡಿಪೇಟೆಯಲ್ಲೋ ಎಪಿಎಂಸಿಯಲ್ಲೋ ಅಂಗಡಿ ಇಟ್ಟವರ ಮನೆಯಾದರೆ ಟ್ಯಾಲಿ ಇರುತ್ತದೆ. ಟ್ಯಾಲಿ ವಿಂಡೋಸಿಗೆಂದೇ ಬರೆದ ತಂತ್ರಾಂಶ. ಗುತ್ತಿಗೆದಾರರ ಮನೆಯಾದರೆ ಟೆಂಡರಿಗೆ ಡಿಜಿಟಲ್ ಸಹಿಯ ಡಾಂಗಲ್ ಇರುತ್ತದೆ. ಅದರ ಚಾಲಕ ತಂತ್ರಾಂಶ (ಡ್ರೈವರ್) ಲಿನಕ್ಸಿಗೂ ಕೆಲವು ಬಗೆಗಳಲ್ಲಿ ಸಿಗುತ್ತದೆ, ಆದರೆ ಟೆಂಡರಿನ ಕೊನೇ ದಿನ ಅದನ್ನು ನೆಚ್ಚಿ ಕೂರುವುದು ಹೊಸಬರಿಗೆ ಸಲ್ಲದು. ಬೆರಳಚ್ಚು ಯಂತ್ರ ಇಟ್ಟು ಸೇವಾ ಕೇಂದ್ರ ನಡೆಸುವವರೂ ವಿಂಡೋಸ್ ಬಿಡಬಾರದು. ಫ್ಲೆಕ್ಸ್, ಲಗ್ನಪತ್ರಿಕೆ ಮಾಡುವವರಿಗೆ ಕೋರೆಲ್ ಡ್ರಾ, ಫೋಟೋಶಾಪ್, ಪೇಜ್‌ಮೇಕರ್ ಬೇಕು. ಲಿನಕ್ಸಿನಲ್ಲಿ ಇಂಕ್‌ಸ್ಕೇಪ್, ಗಿಂಪ್, ಸ್ಕ್ರೈಬಸ್ ಇವೆ, ಮೂರೂ ಒಳ್ಳೆಯವು. ಆದರೆ ಪ್ರೆಸ್ಸಿನವರು ಕೇಳುವುದು ಕೋರೆಲ್ ಫೈಲನ್ನೇ. ಮನೆಯಲ್ಲಿ ಹುಡುಗನೊಬ್ಬ ವ್ಯಾಲರಂಟ್ ಆಡುತ್ತಿದ್ದರೆ ಅದೂ ಲಿನಕ್ಸಿನಲ್ಲಿ ನಡೆಯುವುದಿಲ್ಲ, ಮುಂಚೆಯೇ ತಿಳಿಸಿಬಿಡಿ.

ಹೊಟ್ಟೆಪಾಡಿನ ತಂತ್ರಾಂಶವೊಂದು ಪಟ್ಟಿಯಲ್ಲಿದ್ದರೆ ಆ ಯಂತ್ರದಲ್ಲಿ ವಿಂಡೋಸ್ ಇರಲಿ. ಪಕ್ಕದಲ್ಲಿ ಲಿನಕ್ಸ್ ಹಾಕಿಕೊಳ್ಳುವ ಬಗೆಯನ್ನು ಮುಂದೆ ಹೇಳುತ್ತೇನೆ. ಲಿನಕ್ಸಿನಲ್ಲಿ ವಿಂಡೋಸ್ ತಂತ್ರಾಂಶ ಓಡಿಸುವ ವೈನ್ ಎಂಬುದಿದೆ, ಅದನ್ನು ನಂಬಿ ವ್ಯಾಪಾರದ ಲೆಕ್ಕ ಇಡಬೇಡಿ ಎಂಬುದು ನನ್ನ ಕಳಕಳಿಯ ಮಾತು.

ಹಂತ 2: ಯಂತ್ರದ ನಾಲ್ಕು ವಿವರ

ವಿಂಡೋಸಿನ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ ಪ್ರೊಸೆಸರಿನ ಹೆಸರು, ರ್‍ಯಾಮ್, 64 ಬಿಟ್ಟೋ 32 ಬಿಟ್ಟೋ ಎಂಬುದು ಕಾಣುತ್ತದೆ. ಐ3-6006 ಎಂದಿದ್ದರೆ ಗೆರೆಯ ನಂತರದ 6, ಅಂದರೆ 6ನೇ ತಲೆಮಾರು. ಡಿಸ್ಕ್ ಹಳೇ ಬಗೆಯ ಹಾರ್ಡ್ ಡಿಸ್ಕೋ, ಅದಕ್ಕಿಂತ ವೇಗದ ಎಸ್‌ಎಸ್‌ಡಿಯೋ ಎಂಬುದು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ತಿಳಿಯುತ್ತದೆ. ನಾಲ್ಕನ್ನೂ ಅದೇ ಹಾಳೆಯ ಹಿಂದೆ ಬರೆದುಕೊಳ್ಳಿ.

ಯಂತ್ರ ನಿಧಾನವಾಗಿದೆ ಎಂಬ ದೂರಿಗೆ ಬಹಳ ಸಲ ಕಾರಣ ಹಳೆಯ ಹಾರ್ಡ್ ಡಿಸ್ಕ್. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಸಣ್ಣದೊಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ. 2ನೇ, 3ನೇ ತಲೆಮಾರಿನ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಕೂಡ ಅದರಿಂದ ಎದ್ದು ಓಡುತ್ತದೆ. ಇನ್ನೊಂದು ಲಾಭ: ವಿಂಡೋಸ್ ಇರುವ ಹಳೆ ಡಿಸ್ಕನ್ನು ಬಿಚ್ಚಿ ಹಾಗೇ ಎತ್ತಿಡಬಹುದು. ಲಿನಕ್ಸ್ ಒಗ್ಗದಿದ್ದರೆ ಅದನ್ನೇ ತಿರುಗಿ ಸಿಕ್ಕಿಸಿದರಾಯಿತು. ಹೊಸಬರಿಗೆ ಇದಕ್ಕಿಂತ ನಿಶ್ಚಿಂತೆಯ ದಾರಿ ನನಗೆ ಕಂಡಿಲ್ಲ.

ಹಂತ 3: ಆರು ಹೆಸರು ಸಾಕು

ಇಂಜಿನಿಯರಿಂಗ್ ಓದುವ ಹುಡುಗರನ್ನು ಕೇಳಿದರೆ ಕಾಲಿ ಲಿನಕ್ಸ್ ಹಾಕಿ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಅದು ಜಾಲಭದ್ರತೆಯನ್ನು ಪರೀಕ್ಷಿಸುವವರ ಉಪಕರಣ. ಲಿನಕ್ಸ್ ಗೊತ್ತಿಲ್ಲದವರಿಗೆ ಇದು ಹೇಳಿದ್ದಲ್ಲ ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಆರ್ಚ್ ಕೂಡ ಕಲಿಯುವ ಹುಮ್ಮಸ್ಸಿದ್ದವರಿಗೆ ಚಂದ, ಅಮ್ಮ ಸೀರಿಯಲ್ ನೋಡುವ ಕಂಪ್ಯೂಟರಿಗಲ್ಲ.

ಲಿನಕ್ಸ್ ಮಿಂಟ್. 2006ರಿಂದ ಇದೆ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ, ಅಂದರೆ ವಿಂಡೋಸ್ 7ರಿಂದ ಬಂದವರಿಗೆ ಕೈ ತಾನಾಗಿ ಹೋಗುವ ಜಾಗದಲ್ಲಿ ಎಲ್ಲವೂ ಇರುತ್ತದೆ. ಈಗಿನ 22ರ ಸರಣಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಇದೆ. ಕನಿಷ್ಠ 2 ಜಿಬಿ ರ್‍ಯಾಮ್ ಎನ್ನುತ್ತಾರೆ, ಆರಾಮಕ್ಕೆ 4 ಜಿಬಿ ಬೇಕು. ಇದರಲ್ಲಿ ಮೂರು ಬಗೆ. 4 ಜಿಬಿಗಿಂತ ಹೆಚ್ಚಿದ್ದು ಎಸ್‌ಎಸ್‌ಡಿ ಇದ್ದರೆ ಸಿನಮನ್ ತೆಗೆದುಕೊಳ್ಳಿ. 4 ಜಿಬಿಯೋ ಅದಕ್ಕೂ ಕಡಿಮೆಯೋ ಇದ್ದು ಹಳೇ ಹಾರ್ಡ್ ಡಿಸ್ಕ್ ಇದ್ದರೆ ಎಕ್ಸ್‌ಎಫ್‌ಸಿಇ. ನಡುವಿನದು ಮಾಟೆ, ಅದರ ಚಿಂತೆ ಬಿಡಿ. ಬಂದವರಿಗೆಲ್ಲ ನಾನು ಮೊದಲು ಹೇಳುವುದು ಮಿಂಟ್ ಹೆಸರನ್ನೇ. ತೊಂದರೆ ಬಂದಾಗ ಹುಡುಕಿದರೆ ಉಬುಂಟುವಿಗೆ ಬರೆದ ಪರಿಹಾರಗಳೂ ಬಹುಪಾಲು ಇದಕ್ಕೆ ಹೊಂದುತ್ತವೆ ಎಂಬುದು ದೊಡ್ಡ ಕಾರಣ.

ಜೋರಿನ್. ಐರ್ಲೆಂಡಿನ ಇಬ್ಬರು ಸೋದರರು ಶುರುಮಾಡಿದ್ದು. ನೋಟ ಬಹಳ ಚೊಕ್ಕ, ವಿಂಡೋಸ್ 11ರ ಹೋಲಿಕೆ ಬೇಕೆನ್ನುವ ಮಕ್ಕಳಿಗೆ ಹಿಡಿಸುತ್ತದೆ. ಇದರ 18ನೇ ಆವೃತ್ತಿ ಹೊರಬಂದದ್ದು ವಿಂಡೋಸ್ 10ರ ಬೆಂಬಲ ನಿಂತ ದಿನವೇ. ಪ್ರೊ ಎಂಬ ಬಗೆಗೆ ದುಡ್ಡು ಕೊಡಬೇಕು, ಕೋರ್ ಎಂಬುದು ಉಚಿತ, ಮನೆಗೆ ಕೋರ್ ಸಾಕು. ಮಿಂಟ್ ಎಕ್ಸ್‌ಎಫ್‌ಸಿಇಗಿಂತ ಇದಕ್ಕೆ ಹೆಚ್ಚು ಕಸುವಿನ ಯಂತ್ರ ಬೇಕು.

ಉಬುಂಟು. ಹೆಸರು ಎಲ್ಲರಿಗೂ ಗೊತ್ತು. ಪರದೆಯ ಜೋಡಣೆ ಬೇರೆ ರೀತಿಯದು, ಫೋನಿನಲ್ಲಿ ಬೆಳೆದ ಹುಡುಗರಿಗೆ ಬೇಗ ಒಗ್ಗುತ್ತದೆ, ಅರವತ್ತು ದಾಟಿದವರಿಗೆ ತುಸು ಕಷ್ಟ. 8 ಜಿಬಿ ರ್‍ಯಾಮ್ ಇದ್ದರೆ ನೋಡಿ.

ಎಂಎಕ್ಸ್ ಲಿನಕ್ಸ್. ಡೆಬಿಯನ್ ಎಂಬ ಇನ್ನೊಂದು ಡಿಸ್ಟ್ರೋ ಮೇಲೆ ಕಟ್ಟಿದ ಹಗುರ ವ್ಯವಸ್ಥೆ. ಮಿಂಟ್ ಎಕ್ಸ್‌ಎಫ್‌ಸಿಇ ಕೂಡ ತಡವರಿಸುವ ಯಂತ್ರಕ್ಕೆ ಇದು. ಅಪ್ಪಟ 32 ಬಿಟ್ ಪ್ರೊಸೆಸರ್ ಇದ್ದರೆ ಮಾತ್ರ ಪರಿಸ್ಥಿತಿ ಬಿಗಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಿಂದ 32 ಬಿಟ್ ಯಂತ್ರಕ್ಕೆ ಇನ್‌ಸ್ಟಾಲ್ ಮಾಡುವ ಫೈಲನ್ನೇ ಕೊಡುತ್ತಿಲ್ಲ. ಅಂಥ ಯಂತ್ರಕ್ಕೆ ದುಡ್ಡು, ಸಮಯ ಸುರಿಯಬೇಡಿ.

ಕ್ರೋಮ್ ಓಎಸ್ ಫ್ಲೆಕ್ಸ್. ಗೂಗಲ್ಲಿನದು. ಪಟ್ಟಿಯಲ್ಲಿ ಬ್ರೌಸರ್ ಬಿಟ್ಟರೆ ಇನ್ನೇನೂ ಇಲ್ಲದ ಮನೆಗೆ ಸರಿ. ಫೋನಿನ ಆಪ್‌ಗಳು ಇದರಲ್ಲಿ ಬರುವುದಿಲ್ಲ, ಪ್ಲೇ ಸ್ಟೋರ್ ಇಲ್ಲ. ವಿಂಡೋಸ್ ಜೊತೆಗೆ ಇಟ್ಟುಕೊಳ್ಳಲೂ ಆಗದು, ಡಿಸ್ಕ್ ಪೂರ್ತಿ ಅಳಿಸಿಯೇ ಕೂರುತ್ತದೆ.

ಬಾಸ್. ಕೇಂದ್ರ ಸರ್ಕಾರದ ಸಿ-ಡ್ಯಾಕ್ ರೂಪಿಸಿದ ಭಾರತ್ ಆಪರೇಟಿಂಗ್ ಸಿಸ್ಟಮ್ ಸೊಲ್ಯೂಷನ್ಸ್. ಭಾರತೀಯ ಭಾಷೆಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು, ಅಭಿಮಾನ ಪಡುವಂಥದ್ದೇ. ಆದರೂ ಮನೆಯ ಮೊದಲ ಲಿನಕ್ಸಾಗಿ ನಾನು ಮಿಂಟನ್ನೇ ಹೇಳುತ್ತೇನೆ, ರಾತ್ರಿ ಹತ್ತಕ್ಕೆ ಪ್ರಿಂಟರ್ ಕೈಕೊಟ್ಟಾಗ ಅದೇ ತೊಂದರೆ ಪಟ್ಟು ಬಗೆಹರಿಸಿಕೊಂಡವರ ಬರಹ ಮಿಂಟಿಗೇ ಹೆಚ್ಚು ಸಿಗುತ್ತದೆ.

ಈ ಆರರಲ್ಲಿ ನಿಮ್ಮ ಯಂತ್ರಕ್ಕೆ ಹೊಂದುವ ಎರಡನ್ನು ಆರಿಸಿ. ಮಿಂಟ್ ಮತ್ತು ಜೋರಿನ್, ಅಥವಾ ಮಿಂಟ್ ಎಕ್ಸ್‌ಎಫ್‌ಸಿಇ ಮತ್ತು ಎಂಎಕ್ಸ್. ಎರಡಕ್ಕಿಂತ ಹೆಚ್ಚು ಬೇಡ, ಆರಿಸುವುದರಲ್ಲೇ ತಿಂಗಳು ಕಳೆಯುತ್ತದೆ.

ಹಂತ 4: ಇಳಿಸಿಕೊಳ್ಳುವುದು, ಪೆನ್‌ಡ್ರೈವ್ ಮಾಡುವುದು

ಐಎಸ್‌ಒ ಎಂಬ ಒಂದೇ ಫೈಲ್ ಇಳಿಸಬೇಕು. ಮಿಂಟಿನದು ಸುಮಾರು 3 ಜಿಬಿ. ದಿನಕ್ಕೆ ಒಂದೂವರೆ, ಎರಡು ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಆಗುವ ಕೆಲಸವಲ್ಲ. ಫೈಬರ್ ಇರುವ ನೆಂಟರ ಮನೆಯಲ್ಲಿ, ಕಾಲೇಜಿನ ವೈಫೈನಲ್ಲಿ ಇಳಿಸಿಕೊಳ್ಳಿ.

ಆಯಾ ವ್ಯವಸ್ಥೆಯ ಅಧಿಕೃತ ತಾಣದಿಂದಲೇ ಇಳಿಸಬೇಕು, ಇಳಿಸಿದ ಮೇಲೆ ಅದರ ಶಾ-256 ಸಂಖ್ಯೆಯನ್ನು (ಫೈಲಿನ ಬೆರಳಚ್ಚಿನಂಥ ಗುರುತು) ತಾಳೆ ನೋಡಬೇಕು. ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. 2016ರ ಫೆಬ್ರವರಿಯಲ್ಲಿ ಮಿಂಟಿನ ತಾಣಕ್ಕೇ ಕನ್ನ ಹಾಕಿ ಹಿಂಬಾಗಿಲಿರುವ ಐಎಸ್‌ಒ ಇಳಿಯುವಂತೆ ಮಾಡಿದ್ದರು. ಒಂದೇ ದಿನದಲ್ಲಿ ಪತ್ತೆಯಾಯಿತು ನಿಜ, ಆದರೂ ತಾಳೆ ನೋಡುವ ಅಭ್ಯಾಸ ಬಿಡಬೇಡಿ. ವಿಂಡೋಸಿನಲ್ಲಿ 7-ಜಿಪ್ ಇದ್ದರೆ ಫೈಲಿನ ಮೇಲೆ ಬಲಕ್ಲಿಕ್ ಮಾಡಿದಾಗ ಬರುವ ಮೆನುವಿನಲ್ಲೇ ಶಾ-256 ಇರುತ್ತದೆ. ಅಲ್ಲಿ ಬರುವ ಉದ್ದ ಸಂಖ್ಯೆಯೂ ತಾಣದಲ್ಲಿ ಕೊಟ್ಟದ್ದೂ ಒಂದೇ ಆಗಿರಬೇಕು. ಇಳಿಸುವಾಗ ಕರೆಂಟ್ ಹೋಗಿ ಫೈಲ್ ಅರ್ಧಂಬರ್ಧವಾಗಿದ್ದರೂ ಇಲ್ಲೇ ಗೊತ್ತಾಗುತ್ತದೆ.

ಎರಡನ್ನು ಹೋಲಿಸಿ ನೋಡಬೇಕಾದ್ದರಿಂದ ವೆಂಟಾಯ್ ಎಂಬ ಸಣ್ಣ ಉಚಿತ ತಂತ್ರಾಂಶ ಬಳಸಿ. 16 ಜಿಬಿ ಪೆನ್‌ಡ್ರೈವಿಗೆ ಒಮ್ಮೆ ವೆಂಟಾಯ್ ಹಾಕಿದರೆ ಮುಗಿಯಿತು, ಆಮೇಲೆ ಐಎಸ್‌ಒಗಳನ್ನು ಹಾಡು ಕಾಪಿ ಮಾಡಿದಂತೆ ಕಾಪಿ ಮಾಡುತ್ತ ಹೋಗಬಹುದು. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಮೊದಲು ಅಳಿಸಿಹೋಗುತ್ತದೆ, ಮದುವೆ ಫೋಟೋ ಇದ್ದರೆ ತೆಗೆದಿಡಿ. ಒಂದೇ ಐಎಸ್‌ಒ ಸಾಕೆನ್ನುವವರು ರೂಫಸ್ ಬಳಸಬಹುದು.

ಹಂತ 5: ಪೆನ್‌ಡ್ರೈವಿನಿಂದ ಎಬ್ಬಿಸಿ ಪರೀಕ್ಷೆ

ಯಂತ್ರ ಆನ್ ಮಾಡಿದ ಕೂಡಲೇ ಒಂದು ಕೀಯನ್ನು ಮೇಲಿಂದ ಮೇಲೆ ಒತ್ತಬೇಕು. ಡೆಲ್, ಲೆನೊವೊ ಆದರೆ ಸಾಮಾನ್ಯವಾಗಿ ಎಫ್12, ಎಚ್‌ಪಿ ಎಫ್9. ಏಸರ್‌ನಲ್ಲಿ ಎಫ್12 ಕೆಲಸ ಮಾಡಬೇಕಾದರೆ ಎಫ್2 ಒತ್ತಿ ಬಯೋಸಿಗೆ (ಯಂತ್ರದ ಮೂಲ ಸೆಟ್ಟಿಂಗಿನ ಪರದೆ) ಹೋಗಿ ಬೂಟ್ ಮೆನು ಆನ್ ಮಾಡಬೇಕಾಗಬಹುದು. ಅಸೆಂಬಲ್ ಯಂತ್ರದಲ್ಲಿ ಮದರ್‌ಬೋರ್ಡಿನ ಮೇಲೆ ಹೋಗುತ್ತದೆ: ಗಿಗಾಬೈಟ್ ಎಫ್12, ಏಸುಸ್ ಎಫ್8, ಎಂಎಸ್‌ಐ ಎಫ್11.

ವೆಂಟಾಯ್ ಮೊದಲ ಸಲ ನೀಲಿ ಪರದೆ ತೋರಿಸಿ ಅನುಮತಿ ಕೇಳಿದರೆ ಅದು ಸೆಕ್ಯೂರ್ ಬೂಟಿನ ಕಾವಲು, ಅಂದರೆ ಗುರುತಿಲ್ಲದ ವ್ಯವಸ್ಥೆ ಏಳದಂತೆ ತಡೆಯುವ ಏರ್ಪಾಡು. ಪರೀಕ್ಷೆಗೆ ಅದನ್ನು ಆಫ್ ಮಾಡುವವರೂ ಇದ್ದಾರೆ, ಆದರೆ ಮೊದಲು ವಿಂಡೋಸಿನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿಗೆ ಹಾಕುವ ಬೀಗ) ಆನ್ ಇದೆಯೇ ನೋಡಿ. ಇದ್ದರೆ ಅದರ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಬರೆದುಕೊಂಡೇ ಮುಂದುವರಿಯಿರಿ. ಇಲ್ಲವಾದರೆ ವಿಂಡೋಸ್ ಮತ್ತೆ ತೆರೆಯುವಾಗ ಆ 48 ಅಂಕಿ ಕೇಳಿ ನಿಲ್ಲುತ್ತದೆ.

ಪರದೆ ಬಂದಮೇಲೆ ಅದು ಪೆನ್‌ಡ್ರೈವಿನಿಂದ ಓಡುತ್ತಿದೆ, ಡಿಸ್ಕಿಗೆ ಏನೂ ಆಗಿಲ್ಲ. ತುಸು ನಿಧಾನ ಎನಿಸಿದರೆ ಅದು ಪೆನ್‌ಡ್ರೈವಿನ ವೇಗ. ವೈಫೈ ಹಿಡಿಯುತ್ತದೆಯೇ, ಸೌಂಡ್ ಬರುತ್ತದೆಯೇ, ಕ್ಯಾಮೆರಾ, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ, ಮುಚ್ಚಿ ತೆರೆದರೆ ಲ್ಯಾಪ್‌ಟಾಪ್ ಎಚ್ಚರವಾಗುತ್ತದೆಯೇ, ಎಲ್ಲ ನೋಡಿ. ವೈಫೈ ಕಾಣದಿದ್ದರೆ ಗಾಬರಿ ಬೇಡ. ಫೋನನ್ನು ಕೇಬಲಿನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಇಂಟರ್ನೆಟ್ ಬರುತ್ತದೆ, ಅಲ್ಲಿಂದ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಚಾಲಕವನ್ನು ಅದೇ ಹುಡುಕಿಕೊಳ್ಳುತ್ತದೆ. ಬ್ರಾಡ್‌ಕಾಂ ಚಿಪ್ ಇರುವ ಹಳೇ ಲ್ಯಾಪ್‌ಟಾಪುಗಳಿಗೆ ಹೀಗೆ ಮಾಡಬೇಕಾಗುತ್ತದೆ.

ಇನ್ನುಳಿದ ಎರಡು ಪರೀಕ್ಷೆಗೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ.

ಮೊದಲನೆಯದು ಪ್ರಿಂಟರ್. ವೈಫೈ ಇರುವ ಈಚಿನ ಪ್ರಿಂಟರುಗಳು ಬಹುಪಾಲು ಚಾಲಕವೇ ಇಲ್ಲದೆ ತಾವಾಗಿ ಕಾಣಿಸಿಕೊಳ್ಳುತ್ತವೆ. ಇಂಕ್ ಟ್ಯಾಂಕ್ ಇರುವ ಎಪ್ಸನ್ ಎಲ್ ಸರಣಿಯವೂ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಎಚ್‌ಪಿಗೆ ಎಚ್‌ಪಿಲಿಪ್ ಎಂಬ ತಂತ್ರಾಂಶವಿದೆ. ಲೇಸರ್‌ಜೆಟ್ 1020ರಂಥ ಹಳೆಯವು ಪ್ಲಗಿನ್ ಒಂದನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಮೇಲಷ್ಟೇ ನಡೆಯುತ್ತವೆ, ಅದನ್ನು ಎಚ್‌ಪಿಲಿಪ್ ತಾನೇ ಕೇಳುತ್ತದೆ. ನಮ್ಮೂರಿನ ಜೆರಾಕ್ಸ್ ಅಂಗಡಿಗಳಲ್ಲೂ ಎಷ್ಟೋ ಮನೆಗಳಲ್ಲೂ ಇರುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಬೇರೆ ಜಾತಿ. ಅದು ಕ್ಯಾಪ್ಟ್ ಎಂಬ ಕ್ಯಾನನ್ನಿನದೇ ಭಾಷೆಯಲ್ಲಿ ಮಾತಾಡುತ್ತದೆ. ಲಿನಕ್ಸಿಗೆ ಅದರ ಹಳೆಯ ಚಾಲಕ ಇದೆ, ಕೂರಿಸುವುದು ಹೊಸಬರ ಕೈಕೆಲಸವಲ್ಲ. ಯಂತ್ರವಂತೂ ಗಟ್ಟಿಮುಟ್ಟು, ಮಾರಬೇಡಿ. ವಿಂಡೋಸನ್ನು ಪಕ್ಕದಲ್ಲಿ ಉಳಿಸಿಕೊಳ್ಳಿ, ಅಥವಾ ಬಲ್ಲವರೊಬ್ಬರನ್ನು ಕೂರಿಸಿಕೊಂಡು ಆ ಚಾಲಕ ಹಾಕಿಸಿ. ಪಹಣಿ ಪ್ರತಿಯೊಂದನ್ನು ಪೆನ್‌ಡ್ರೈವಿನ ಲಿನಕ್ಸಿನಿಂದಲೇ ಪ್ರಿಂಟ್ ತೆಗೆದು ನೋಡಿದರೆ ಕನ್ನಡವೂ ಅಂಚೂ ಸರಿಯಾಗಿ ಬರುತ್ತವೆಯೇ ಎಂಬುದು ಒಟ್ಟಿಗೇ ತಿಳಿಯುತ್ತದೆ. ಸ್ಕ್ಯಾನರನ್ನೂ ಮರೆಯಬೇಡಿ, ಪ್ರಿಂಟ್ ಬರುವ ಕೆಲವು ಯಂತ್ರಗಳಲ್ಲಿ ಸ್ಕ್ಯಾನಿಗೆ ಬೇರೆ ತಂತ್ರಾಂಶ ಬೇಕು.

ಎರಡನೆಯದು ಕನ್ನಡ. "ಇದ್ರಾಗೆ ನುಡಿ ಬರ್ತದೇನ್ರೀ?" ನಿವೃತ್ತ ಮೇಷ್ಟ್ರುಗಳಿರಲಿ, ಪಂಚಾಯ್ತಿ ನೌಕರರಿರಲಿ, ಮೊದಲು ಕೇಳುವುದು ಇದನ್ನೇ. ಕೇಳಲೇಬೇಕಾದ ಪ್ರಶ್ನೆ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶ ವಿಂಡೋಸಿನದು. ಆದರೆ ನುಡಿಯಲ್ಲಿ ನಿಮ್ಮ ಬೆರಳು ಕಲಿತದ್ದು ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಅದು ಲಿನಕ್ಸಿನ ಒಳಗೇ ಇದೆ. ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿ ಕನ್ನಡದ ಎರಡು ಬಗೆ ಸಿಗುತ್ತವೆ. ಬರೀ ಕನ್ನಡ ಎಂದಿರುವುದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸ. ಕಗಪ ಎಂದಿರುವುದೇ ನಿಮಗೆ ಬೇಕಾದ್ದು. ಒತ್ತಕ್ಷರಕ್ಕೆ ಎಫ್ ಕೀ ಒತ್ತುವ ಅಭ್ಯಾಸ ಹಾಗೆಯೇ ನಡೆಯುತ್ತದೆ. ಬರಹ ತಂತ್ರಾಂಶದಲ್ಲಿ ಇಂಗ್ಲಿಷ್ ಉಚ್ಚಾರದಂತೆ ಟೈಪಿಸಿ ರೂಢಿಯಾದವರು ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯ ಜೊತೆ ಎಂ17ಎನ್ ಎಂಬುದನ್ನು ಹಾಕಿಕೊಂಡರೆ ಅದೇ ಬಗೆಯ ಐಟ್ರಾನ್ಸ್ ವಿಧಾನ ಸಿಗುತ್ತದೆ. ಅಕ್ಷರ ಕಾಣಲು ಫಾಂಟ್ ಕೊರತೆ ಇಲ್ಲ, ಲೋಹಿತ್ ಇದೆ, ನೋಟೋ ಇದೆ, ಗುಬ್ಬಿ, ನವಿಲು ಎಂಬ ಹೆಸರಿನವೂ ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ.

ಹಳೆಯ ನುಡಿ ಕಡತಗಳದ್ದು ಬೇರೆ ಕಥೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬರುವ ಮೊದಲಿನ ಕಡತಗಳಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆ ಎಳೆದ ಎ, ಇವುಗಳ ಮೇಲೆ ನುಡಿ ಫಾಂಟ್ ಕನ್ನಡದ ಆಕಾರ ಹೊದಿಸಿರುತ್ತದೆ. ಲಿನಕ್ಸಿನಲ್ಲಿ ತೆರೆದಾಗ ಆ ಗೋಜಲು ಕಂಡರೆ ಕಡತ ಕೆಟ್ಟಿಲ್ಲ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ತಂದು ಲಿನಕ್ಸಿನಲ್ಲಿ ಹಾಕಿದರೆ ಕಡತ ಸರಿಯಾಗಿ ಕಾಣುತ್ತದೆ. ಮುಂದೆಯೂ ತಿದ್ದಬೇಕಾದ ಕಡತವಾದರೆ ಆಸ್ಕಿಯಿಂದ (ಆ ಹಳೇ ಬಗೆಯಿಂದ) ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ವಿಂಡೋಸ್ ಇನ್ನೂ ಇರುವಾಗಲೇ ಮಾಡಿಟ್ಟುಕೊಳ್ಳುವುದು ಲೇಸು. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಬರುವ ಪದಗಳನ್ನು ಕಣ್ಣಾರೆ ಓದಿ. ಧರ್ಮ, ಕರ್ತವ್ಯದಂಥ ಪದಗಳಲ್ಲಿ ಎಡವಟ್ಟಾಗುವುದುಂಟು. ಸಂಘದ ಮೂವತ್ತು ವರ್ಷದ ನಡಾವಳಿ, ಅಜ್ಜನ ಕವಿತೆ, ಯಾರೋ ಬೆರಳು ಸವೆಸಿ ಟೈಪ್ ಮಾಡಿದ ಹಳೇ ಮೋಡಿ ಲಿಪಿಯ ಪತ್ರಗಳ ನಕಲು, ಹೀಗೆ ಬೆಲೆ ಕಟ್ಟಲಾಗದ್ದು ಈ ಹಳೇ ಕಡತಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಯೂನಿಕೋಡಿಗೆ ಬಂದರೆ ಮುಂದೆ ಯಾವ ಯಂತ್ರದಲ್ಲೂ ತೆರೆಯುತ್ತದೆ.

ಹಂತ 6: ಅಳಿಸುವ ಮುನ್ನ

ಹೊರಗಿನ ಡಿಸ್ಕಿಗೆ ನಕಲು ತೆಗೆಯಿರಿ. ಡಾಕ್ಯುಮೆಂಟ್ಸ್, ಫೋಟೋ ಮಾತ್ರ ಸಾಲದು. ಡೆಸ್ಕ್‌ಟಾಪ್ ಮೇಲೆ ಬಿದ್ದಿರುವ ಫೈಲುಗಳು, ಡೌನ್‌ಲೋಡ್ಸ್, ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್, ನುಡಿ ಫಾಂಟುಗಳು. ನಕಲು ತೆಗೆದ ಡಿಸ್ಕನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನಾಲ್ಕು ಫೈಲ್ ನೋಡಿ. ವಿಂಡೋಸ್ ಕಂಪ್ಯೂಟರಿನ ಜೊತೆಗೇ ಬಂದ ಅಸಲಿಯಾಗಿದ್ದರೆ ಅದರ ಪರವಾನಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ನಾಳೆ ಮತ್ತೆ ಹಾಕಿದರೂ ಕೀ ಕೇಳದೆ ಗುರುತು ಹಿಡಿಯುತ್ತದೆ.

ಎರಡನ್ನೂ ಇಟ್ಟುಕೊಳ್ಳುವ ಮನೆಗೆ ನನ್ನ ಮೊದಲ ಆಯ್ಕೆ ಎರಡು ಡಿಸ್ಕ್. ಡೆಸ್ಕ್‌ಟಾಪಿನಲ್ಲಿ ಜಾಗವಿರುತ್ತದೆ. ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪಿನಲ್ಲಿ ಅದನ್ನು ತೆಗೆದು ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಳೆ ಡಿಸ್ಕ್ ಕೂರಿಸಬಹುದು. ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕಿನ ಕೇಬಲ್ ಕಳಚಿಟ್ಟರೆ ತಪ್ಪು ಡಿಸ್ಕ್ ಅಳಿಸುವ ಭಯವೇ ಇಲ್ಲ. ಒಂದೇ ಡಿಸ್ಕಿನಲ್ಲಿ ಎರಡೂ ಬೇಕಾದರೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಜಾಗ ಕುಗ್ಗಿಸಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಲಿನಕ್ಸಿಗೆ ಆ ಭಾಗಕ್ಕೆ ಬರೆಯಲು ಆಗುವುದಿಲ್ಲ.

ಹಂತ 7: ಕೂರಿಸುವುದು

ಇಲ್ಲಿ ಹೇಳಲು ಹೆಚ್ಚಿಲ್ಲ, ಪರದೆಯೇ ಕೈಹಿಡಿದು ನಡೆಸುತ್ತದೆ. ಬೆಸ್ಕಾಂ ಕರೆಂಟ್ ತೆಗೆಯದ ಹೊತ್ತು ನೋಡಿಕೊಂಡು ಕೂತುಕೊಳ್ಳಿ. ಡೆಸ್ಕ್‌ಟಾಪಿಗೆ ಯುಪಿಎಸ್, ಲ್ಯಾಪ್‌ಟಾಪಿಗೆ ತುಂಬಿದ ಬ್ಯಾಟರಿ ಇರಲಿ. ಮಲ್ಟಿಮೀಡಿಯಾ ಕೋಡೆಕ್ ಎಂಬ ಚೌಕಕ್ಕೆ ಟಿಕ್ ಹಾಕಿ, ಇಲ್ಲವಾದರೆ ಕೆಲವು ವಿಡಿಯೋ ಓಡುವುದಿಲ್ಲ. ಡಿಸ್ಕ್ ಅಳಿಸು, ಇಲ್ಲವೇ ವಿಂಡೋಸ್ ಪಕ್ಕದಲ್ಲಿ ಹಾಕು ಎಂಬ ಪುಟ ಬಂದಾಗ ನಿಂತು ಎರಡು ಸಲ ಓದಿ. ಅದಾದ ಮೇಲೆ ಒಂದು ಬೆಣ್ಣೆದೋಸೆ ತಿಂದು ಬರುವ ಹೊತ್ತಿಗೆ ಎಸ್‌ಎಸ್‌ಡಿಯಲ್ಲಾದರೆ ಕೆಲಸ ಮುಗಿದಿರುತ್ತದೆ.

ಪರದೆಯ ಭಾಷೆ ಕನ್ನಡ ಇಟ್ಟುಕೊಳ್ಳಬಹುದು. ಅನುವಾದ ಪೂರ್ಣವಾಗಿಲ್ಲದ ಕಡೆ ಇಂಗ್ಲಿಷ್ ಇಣುಕುತ್ತದೆ. ಕನ್ನಡ ಮಾತ್ರ ಓದುವ ಹಿರಿಯರಿದ್ದರೆ ಅವರಿಗೆ ಬೇರೆ ಲಾಗಿನ್ ಮಾಡಿ, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎರಡನ್ನೂ ಕನ್ನಡಕ್ಕೆ ತಿರುಗಿಸಿಕೊಡಿ. ಅಕ್ಷರ ದೊಡ್ಡದು ಮಾಡಿ, ಅವರು ನೋಡುವ ನಾಲ್ಕೈದು ಪುಟಗಳ ಗುರುತನ್ನು ಪರದೆಯ ಮೇಲಿಡಿ. ಅಮ್ಮನಿಗೋ ಅಜ್ಜನಿಗೋ ಬೇಕಾದ್ದು ಅಷ್ಟೇ ಇರುತ್ತದೆ, ಅದನ್ನು ಅಚ್ಚುಕಟ್ಟಾಗಿ ಕೊಟ್ಟರೆ ಯಾವ ಆಪರೇಟಿಂಗ್ ಸಿಸ್ಟಮ್ ಎಂದು ಅವರು ಕೇಳುವುದಿಲ್ಲ.

ಹಂತ 8: ಮೊದಲ ವಾರ

ಅಪ್‌ಡೇಟ್ ಮ್ಯಾನೇಜರ್ ತೆರೆದು ಬಂದದ್ದನ್ನೆಲ್ಲ ಹಾಕಿಕೊಳ್ಳಿ. ಡ್ರೈವರ್ ಮ್ಯಾನೇಜರ್ ಒಮ್ಮೆ ನೋಡಿ. ಟೈಮ್‌ಶಿಫ್ಟ್ ಎಂಬುದನ್ನು ಆನ್ ಮಾಡಿ, ಮುಂದೆ ಯಾವುದೋ ಅಪ್‌ಡೇಟ್ ಕೈಕೊಟ್ಟರೆ ವ್ಯವಸ್ಥೆಯನ್ನು ಹಿಂದಿನ ದಿನದ ಸ್ಥಿತಿಗೆ ತರುತ್ತದೆ. ಅದು ನೋಡಿಕೊಳ್ಳುವುದು ವ್ಯವಸ್ಥೆಯನ್ನು ಮಾತ್ರ, ನಿಮ್ಮ ಫೋಟೋ, ಕಡತಗಳಿಗೆ ಹೊರಗಿನ ಡಿಸ್ಕೇ ಗತಿ.

ತಂತ್ರಾಂಶ ಬೇಕಾದಾಗ ಬ್ರೌಸರಿನಲ್ಲಿ ಹುಡುಕಿ ಸಿಕ್ಕಸಿಕ್ಕ ತಾಣದಿಂದ ಇಳಿಸುವ ವಿಂಡೋಸ್ ಅಭ್ಯಾಸ ಬಿಡಿ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಇದೆಯೇ ನೋಡಿ, ಬಹುಪಾಲು ಇರುತ್ತದೆ. ಕ್ರ್ಯಾಕ್ ಮಾಡಿದ ತಂತ್ರಾಂಶ ಹಾಕಿಸಿಕೊಂಡು ವೈರಸ್ಸಿಗೆ ಅಂಜುತ್ತ, ವರ್ಷವರ್ಷ ಆಂಟಿವೈರಸ್ಸಿಗೆ ದುಡ್ಡು ಕಟ್ಟುತ್ತ ಬಂದ ಮನೆಗಳಿಗೆ ಇದೊಂದು ದೊಡ್ಡ ಬಿಡುಗಡೆ.

ವರ್ಡ್ ಫೈಲುಗಳು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತವೆ. ಜೋಡಣೆ ಅಲ್ಲಲ್ಲಿ ಜರುಗಬಹುದು, ಹಾಗಾಗಿ ಬಯೋಡೇಟಾ, ಅರ್ಜಿ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ಕಾಲೇಜಿನವರು ವರ್ಡನ್ನೇ ಕೇಳಿದರೆ ಬ್ರೌಸರಿನಲ್ಲಿ ತೆರೆಯುವ ಮೈಕ್ರೋಸಾಫ್ಟ್ ಆಫೀಸ್ ಉಚಿತವಾಗಿಯೇ ಇದೆ.

ತೊಂದರೆ ಬಂದರೆ ಯಾರನ್ನು ಕೇಳುವುದು? ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ಯುಬಿಡಿಟಿ, ತೋಳಹುಣಸೆಯ ವಿಶ್ವವಿದ್ಯಾಲಯ, ಇವೆಲ್ಲ ಇರುವ ಊರಿನಲ್ಲಿ ಲಿನಕ್ಸ್ ಬಲ್ಲ ಹುಡುಗ ಹುಡುಗಿಯರಿಗೆ ಬರವಿಲ್ಲ, ನಿಮ್ಮ ಬೀದಿಯಲ್ಲೇ ಒಬ್ಬರಿರುತ್ತಾರೆ. ಕೇಳುವಾಗ "ಕಂಪ್ಯೂಟರ್ ನಡೀತಿಲ್ಲಪ್ಪ" ಎಂದಷ್ಟೇ ಹೇಳಬೇಡಿ. ಯಾವ ಡಿಸ್ಟ್ರೋ, ಯಾವ ಆವೃತ್ತಿ, ಯಂತ್ರದ ಮಾಡೆಲ್, ಏನು ಮಾಡಲು ಹೋದಾಗ ಪರದೆಯ ಮೇಲೆ ಏನು ಬಂತು, ಈ ನಾಲ್ಕನ್ನು ಫೋನಿನಲ್ಲಿ ಫೋಟೋ ತೆಗೆದು ತೋರಿಸಿ. ಪೆನ್‌ಡ್ರೈವನ್ನು ಅಳಿಸದೆ ಇಟ್ಟುಕೊಳ್ಳಿ, ಯಂತ್ರ ಏಳದೆ ಹೋದ ದಿನ ಅದರಿಂದ ಎಬ್ಬಿಸಿ ಕಡತ ಹೊರತೆಗೆಯಬಹುದು. ಕಳಚಿಟ್ಟ ಹಳೇ ಡಿಸ್ಕನ್ನೂ ಎರಡು ತಿಂಗಳು ಮುಟ್ಟಬೇಡಿ. ಮೊದಲ ಹಂತದಲ್ಲಿ ಬರೆದ ಪಟ್ಟಿಯ ಪ್ರತಿ ಸಾಲಿನ ಕೆಲಸವೂ ಲಿನಕ್ಸಿನಲ್ಲಿ ಒಮ್ಮೆಯಾದರೂ ನಡೆದಿದೆ ಎಂದು ಗುರುತು ಹಾಕಿದ ಮೇಲೆ ಅದನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳಿ.